ಗಾಡಿಗೆ ಏರ್ ಹಿಡದೈತ್ರಿ

ಆಫೀಸಿನ ಕ್ಯಾಂಟೀನಿನಲ್ಲಿ ಹೊಸ ಟರ್ಬೊ ಕಾರು ಕೊಂಡವನಿಗೆ ಸಿಗುವ ಉಪದೇಶಗಳಲ್ಲಿ ಇದೊಂದು ತಪ್ಪದೇ ಇರುತ್ತೆ: "ಊರ ಕಡೆ ಹೋದಾಗ ಏನೇ ಆಗ್ಲಿ, ಲೋಕಲ್ ಮೆಕ್ಯಾನಿಕ್ ಕೈಗೆ ಮಾತ್ರ ಕೊಡ್ಬೇಡ ಗುರು. ಟೋ ಮಾಡ್ಸು." ಅಂದರೆ ಗೋಕಾಕ ಫಾಲ್ಸ್ ನೋಡೋಕೆ ಬೆಂಗಳೂರಿಂದ ಹೊರಟವನ ಗಾಡಿ ಅಂಕಲಗಿ ದಾಟುವಾಗ ಬಿಸಿಯಾಗಿ ನಿಂತಿತು ಅಂತಿಟ್ಟುಕೊಳ್ಳಿ. ಅಲ್ಲೇ ರಸ್ತೆ ಬದಿ ಗ್ಯಾರೇಜಿದ್ದರೂ ಆ ಕಡೆ ತಿರುಗಿ ನೋಡಬಾರದು. ಫ್ಲಾಟ್‌ಬೆಡ್ ಬರೋವರೆಗೆ ಬೇವಿನ ಮರದ ಕೆಳಗೆ ಕೂತು ಕಸ್ಟಮರ್ ಕೇರಿನ ಹಾಡು ಕೇಳಬೇಕು. ಆಮೇಲೆ ಬೆಳಗಾವಿಯ ಏಸಿ ಲಾಂಜಿನಲ್ಲಿ ಕಾಫಿ ಕುಡಿದು, ಟೈ ಕಟ್ಟಿದ ಅಡ್ವೈಸರ್ ಕೊಟ್ಟ ಕಾಗದಕ್ಕೆ ಸಹಿ ಹಾಕಬೇಕು.

ಈ ಉಪದೇಶ ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಅದರೊಳಗೆ ಜಂಬವೂ ಇದೆ. ಯಾಕೆಂದರೆ ಹೀಗೆ ಬಿಸಿಯಾಗಿ ನಿಲ್ಲುವ ಗಾಡಿಗಳಲ್ಲಿ ಒಂದಷ್ಟರ ಕಾಯಿಲೆ ಬಹಳ ಸಾದಾ: ಕೂಲಂಟ್ ಓಡಾಡುವ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತೆ. ಹೋದ ವಾರ, ಹೋದ ತಿಂಗಳು ಎಲ್ಲೋ ವಾಟರ್ ಪಂಪೋ, ಹೋಸ್ ಪೈಪೋ, ಥರ್ಮೋಸ್ಟಾಟೋ ಬದಲಾಯಿಸಿ, ಕೂಲಂಟ್ ಸುರಿದು, ಗಾಳಿ ಪೂರ್ತಿ ತೆಗೆಯದೆ ಡೆಲಿವರಿ ಕೊಟ್ಟಿರುತ್ತಾರೆ. ಕೊಟ್ಟವರು ಹೆಚ್ಚಿನ ಸಲ ಅದೇ ಏಸಿ ಲಾಂಜಿನವರು. ಮತ್ತು ಗಾಳಿ ತೆಗೆಯೋ ವಿದ್ಯೆ ಯಾರಿಗಾದರೂ ಕೈಗೂಡಿದ್ದರೆ ಅದು ಅಂಕಲಗಿಯಂಥ ಊರಿನ ಜನಕ್ಕೇ.

ಉತ್ಪ್ರೇಕ್ಷೆ ಅನ್ನಿಸಿದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬಿನ ಹೊಲಗಳ ಕಡೆ ಒಂದು ಸುತ್ತು ಹಾಕಿ ಬನ್ನಿ. ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳಿಂದ ಹೊಲಕ್ಕೆ ನೀರು ಎತ್ತುವ ರೈತ ಮಾಡೋ ಮೊದಲ ಕೆಲಸವೇ ಗಾಳಿ ಜೊತೆ ಜಗಳ. ಹೊಳೆ ದಂಡೆಯ ಮೋಟರು ತಿರುಗುತ್ತಿರುತ್ತೆ, ನೀರು ಬರಲ್ಲ. ಯಾಕೆ ಅಂತ ಎಂಟನೇ ಕ್ಲಾಸಿನ ಹುಡುಗನೂ ಹೇಳ್ತಾನೆ: "ಪಂಪಿಗೆ ಏರ್ ಹಿಡದೈತ್ರಿ." ಆಮೇಲೆ ಕೊಡಪಾನದಿಂದ ಪಂಪಿಗೆ ನೀರು ಹಾಕೋದು, ಮೇಲಿನ ಕಾಕ್ ಸಡಿಲ ಮಾಡೋದು, ಗುಳುಗುಳು ಸದ್ದು ನಿಂತು ಬರೀ ನೀರು ಚಿಮ್ಮೋವರೆಗೆ ಕಾಯೋದು, ಕಾಕ್ ಬಿಗಿ ಮಾಡೋದು, ಸ್ವಿಚ್ ಹಾಕೋದು. ನೆಲದ ಕೆಳಗೆ ಬಹುದೂರ ಪೈಪ್‌ಲೈನ್ ಎಳೆದವರು ದಿಬ್ಬ ಬಂದಲ್ಲೆಲ್ಲ ಏರ್ ವಾಲ್ವ್ ಕೂರಿಸ್ತಾರೆ, ಗಾಳಿ ಹೋಗಿ ಕೂರೋದು ದಿಬ್ಬದ ನೆತ್ತಿಯಲ್ಲೇ ಅಂತ ಅವರಿಗೆ ಗೊತ್ತು. ಟ್ರ್ಯಾಕ್ಟರಿನ ಡೀಸೆಲ್ ಖಾಲಿಯಾಗಿ ನಿಂತರೂ ಅದೇ ಕಥೆ. ಡೀಸೆಲ್ ಹಾಕಿದ ತಕ್ಷಣ ಅದು ಚಾಲೂ ಆಗಲ್ಲ. ಫಿಲ್ಟರಿನ ಬೋಲ್ಟ್ ಸಡಿಲಿಸಿ, ಕೈಪಂಪು ಒತ್ತಿ, ನೊರೆ ಹೋಗಿ ಬರೀ ಡೀಸೆಲ್ ಬರೋವರೆಗೆ ಬಿಡಬೇಕು.

ಕಾರಿನ ಕೂಲಿಂಗ್ ಕೆಲಸ ಮಾಡೋದೂ ಇದೇ ತತ್ತ್ವದ ಮೇಲೆ. ವಾಟರ್ ಪಂಪ್ ಅನ್ನೋದು ಹೊಳೆ ದಂಡೆ ಪಂಪಿನ ಮರಿ. ರೆಕ್ಕೆ ತಿರುಗಿಸಿ ನೀರನ್ನು ಹೊರಕ್ಕೆ ಬೀಸುತ್ತೆ, ಗಾಳಿ ಸಿಕ್ಕರೆ ಸುಮ್ಮನೆ ಅಲ್ಲೇ ಕಡೆಯುತ್ತಾ ಕೂರುತ್ತೆ. ಬ್ಲೀಡ್ ಸ್ಕ್ರೂ ಅಂತ ಕಂಪನಿಯವರು ಕರೆಯೋದು ರೈತನ ಕಾಕ್. ಬಾನೆಟ್ ಎತ್ತಿದರೆ ಕಾಣುವ ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಕೂರಿಸಿರೋದು ಗಾಳಿ ಮೇಲೇರಿ ಅಲ್ಲಿಗೆ ಬಂದು ಸೇರಲಿ ಅಂತ. ಟರ್ಬೈನು ಅನ್ನೋ ಪದ ಕೂಡ ಈ ಸೀಮೆಗೆ ಹೊಸದಲ್ಲ ಬಿಡಿ. 1887ರಲ್ಲಿ ಶುರುವಾದ ಗೋಕಾಕ ಗಿರಣಿ, ಜಲಪಾತದ ನೀರನ್ನು ಕೊಳವೆಗಿಳಿಸಿ ಟರ್ಬೈನು ತಿರುಗಿಸಿಕೊಂಡೇ ನೂಲು ತೆಗೆದದ್ದು. ನಿಮ್ಮ ಕಾರಿನ ಡಿಕ್ಕಿ ಮೇಲೆ ಹೊಳೆಯುವ 'ಟರ್ಬೊ' ಅದೇ ಪದದ ತುಂಡು. ಅಲ್ಲಿ ನೀರು ತಿರುಗಿಸುತ್ತಿತ್ತು, ಇಲ್ಲಿ ಹೊಗೆ ತಿರುಗಿಸುತ್ತೆ.

ಹೊಗೆ ಅಂದರೆ ಎಂಥ ಹೊಗೆ! ಪೆಟ್ರೋಲ್ ಟರ್ಬೊ ಎಂಜಿನ್ನನ್ನು ಪೂರ್ತಿ ದುಡಿಸುವಾಗ ಸೈಲೆನ್ಸರ್ ಕಡೆ ಹೊರಡುವ ಅನಿಲದ ಶಾಖ 900 ಡಿಗ್ರಿ ದಾಟುತ್ತೆ. ಅದರೆದುರು ಕೂತ ಪುಟ್ಟ ಚಕ್ರ ನಿಮಿಷಕ್ಕೆ ಒಂದೂವರೆ-ಎರಡು ಲಕ್ಷ ಸುತ್ತು ತಿರುಗುತ್ತೆ. ಚಕ್ರದ ನಡುವಿನ ದಂಡವನ್ನು ಹಿಡಿದಿರೋದು ತೆಳ್ಳಗಿನ ಎಣ್ಣೆ ಪದರ. ಆ ಎಣ್ಣೆ ಸುಟ್ಟು ಮಸಿಯಾಗದ ಹಾಗೆ ಸುತ್ತಲಿನ ಕವಚದೊಳಗೆ ಕೂಲಂಟ್ ಹರಿಸುತ್ತಾರೆ. ಗಾಡಿ ನಿಲ್ಲಿಸಿ ಕೀ ತಿರುಗಿಸಿದ ಮೇಲೂ ಆ ಶಾಖ ಎಲ್ಲಿಗೂ ಹೋಗಿರಲ್ಲ. ಎಣ್ಣೆ ಪಂಪ್ ನಿಂತಿರುತ್ತೆ, ಬೆಲ್ಟಿನಿಂದ ತಿರುಗುವ ನೀರಿನ ಪಂಪೂ ನಿಂತಿರುತ್ತೆ. ಆಗ ಕೆಲವು ಗಾಡಿಗಳಲ್ಲಿ ಪುಟ್ಟ ಕರೆಂಟ್ ಪಂಪು ಕೂಲಂಟನ್ನು ಓಡಿಸುತ್ತೆ. ಉಳಿದವುಗಳಲ್ಲಿ ಬಿಸಿಯಾದದ್ದು ಮೇಲೇರಿ ತಣ್ಣಗಿನದು ಕೆಳಗಿಳಿಯುವ ಹಳೇ ನಿಯಮವೇ ಗತಿ. ಈ ದಾರಿಯ ನಡುವೆ ಒಂದು ಹಿಡಿ ಗಾಳಿ ಕೂತರೆ ಹರಿವು ಅಲ್ಲಿಗೆ ನಿಂತಿತು. ಕೂಲಂಟ್ ನಿಂತಲ್ಲೇ ಕುದಿದು ಹಬೆಯಾಗುತ್ತೆ, ಹಬೆ ಇನ್ನಷ್ಟು ಜಾಗ ಹಿಡಿಯುತ್ತೆ, ಎಣ್ಣೆ ಕರಕಲಾಗುತ್ತೆ. ಹಳೇ ಅಂಬಾಸಿಡರ್ ಕಾರು ಗಾಳಿ ಹಿಡಿದರೆ ಕುದಿದು, ಉಗಿ ಬಿಟ್ಟು, ಊರಿಗೆಲ್ಲ ಸಾರಿ ನಿಲ್ಲುತ್ತಿತ್ತು. ಟರ್ಬೊಗೆ ಆ ಸೌಜನ್ಯ ಇಲ್ಲ, ಸದ್ದಿಲ್ಲದೆ ಸಾಯುತ್ತೆ.

ಅದಕ್ಕೆ ಡ್ಯಾಶ್‌ಬೋರ್ಡಿನವರ ಕೊಡುಗೆಯೂ ಇದೆ. ಬಹಳ ಕಾರುಗಳಲ್ಲಿ ಈಗ ಟೆಂಪರೇಚರ್ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕೈಮೀರಿದ ಮೇಲೆ ಕೆಂಪು ದೀಪ, ನಡುವೆ ಏನು ನಡೆದರೂ ನಿಮಗೆ ಬೇಡ. ಮುಳ್ಳು ಇರುವ ಕಡೆಯೂ ಅದನ್ನು ಸಾಫ್ಟ್‌ವೇರ್ ಹಿಡಿದಿಟ್ಟಿರುತ್ತೆ. ಒಳಗೆ ಹತ್ತು-ಹದಿನೈದು ಡಿಗ್ರಿ ಏರಿಳಿದರೂ ಗಿರಾಕಿ ಗಾಬರಿಯಾಗದಿರಲಿ ಅಂತ ಮುಳ್ಳು ನಟ್ಟ ನಡುವೆ ನಿಂತಿರುತ್ತೆ. ಇನ್ನು ಸೆನ್ಸರಿನ ತುದಿ ಕೂಲಂಟಿನಲ್ಲಿ ಮುಳುಗದೆ ಗಾಳಿಗುಳ್ಳೆಯಲ್ಲಿ ಸಿಕ್ಕಿಕೊಂಡರಂತೂ ಅದು ಹೇಳುವ ಲೆಕ್ಕವೇ ಸುಳ್ಳು. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವಷ್ಟು ಕಾದಿದ್ದರೂ ಪರದೆ ಮೇಲೆ ಎಲ್ಲ ಕ್ಷೇಮ.

ಹಾಗಾದರೆ ಸರ್ವಿಸ್ ಸೆಂಟರಿನವರು ಗಾಳಿ ಯಾಕೆ ಪೂರ್ತಿ ತೆಗೆಯಲ್ಲ? ಗೊತ್ತಿಲ್ಲದೆ ಅಂತ ನಾನು ಹೇಳಲ್ಲ. ಗಾಳಿ ತೆಗೆಯೋದು ಕಾಯೋ ಕೆಲಸ, ಕಾಯೋದಕ್ಕೆ ಬಿಲ್ಲಿನಲ್ಲಿ ಸಾಲು ಇಲ್ಲ. ವಾಟರ್ ಪಂಪಿಗೆ ಪಾರ್ಟ್ ನಂಬರ್ ಇದೆ, ಕೂಲಂಟಿಗೆ ಲೀಟರಿಗಿಷ್ಟು ಅಂತ ಇದೆ, ಕೂಲಿಗೆ ಗಂಟೆ ಲೆಕ್ಕದ ಕೋಷ್ಟಕ ಇದೆ. ಸರಿಯಾಗಿ ಗಾಳಿ ತೆಗೆಯಬೇಕು ಅಂದರೆ ಒಬ್ಬ ಮನುಷ್ಯ ಗಾಡಿ ಪಕ್ಕದಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನೋಡಲಿಕ್ಕೆ ಏನೂ ಮಾಡದವನ ಹಾಗೆ ನಿಂತಿರಬೇಕು. ಆ ಹೊತ್ತಿಗೆ ಅವನ ತಲೆ ಮೇಲೆ ಇನ್ನು ನಾಲ್ಕು ಗಾಡಿ. ಸಂಜೆ 6ಕ್ಕೆ ಡೆಲಿವರಿ ಅಂತ ನಿಮಗೆ ಮೆಸೇಜು ಹೋಗಿರುತ್ತೆ. 6.05ಕ್ಕೆ ನೀವು ಫೋನ್ ಮಾಡಿ ಕಿರುಚಿರುತ್ತೀರಿ. ಹುಡುಗ ಡಬ್ಬಿಯ ಗೆರೆವರೆಗೆ ಕೂಲಂಟ್ ತುಂಬಿ, ಐದು ನಿಮಿಷ ಎಂಜಿನ್ ಓಡಿಸಿ, ತೊಳೆಯೋಕೆ ಕಳಿಸುತ್ತಾನೆ. ಗಾಡಿ ಫಳಫಳ ಹೊಳೆಯುತ್ತೆ. ಐದು ನಿಮಿಷದಲ್ಲಿ ಥರ್ಮೋಸ್ಟಾಟ್ ತೆರೆದೇ ಇರಲ್ಲ!

ಈ ಥರ್ಮೋಸ್ಟಾಟಿನಲ್ಲೇ ವಿಷಯದ ಗಂಟು ಇರೋದು, ಸ್ವಲ್ಪ ನಿಲ್ಲೋಣ. ಅದು ಮೇಣ ತುಂಬಿದ ಬಾಗಿಲು. ಕೂಲಂಟ್ 80-90 ಡಿಗ್ರಿ ಮುಟ್ಟೋವರೆಗೆ ರೇಡಿಯೇಟರ್ ಕಡೆ ದಾರಿ ಬಿಡಲ್ಲ. ತಣ್ಣಗಿನ ಎಂಜಿನ್ನಿಗೆ ಕೂಲಂಟ್ ಸುರಿದರೆ ಬಾಗಿಲ ಆಚೆ ಕಡೆ ಗಾಳಿ ಹಾಗೇ ಉಳಿಯಬಹುದು. ಆದ್ದರಿಂದ ಕ್ರಮ ಹೀಗೆ. ಗಾಡಿಯ ಮೂತಿ ಸ್ವಲ್ಪ ಎತ್ತರದಲ್ಲಿರಬೇಕು, ಕೂಲಂಟ್ ಹಾಕುವ ಬಾಯೇ ಎಲ್ಲಕ್ಕಿಂತ ಮೇಲಿರಬೇಕು; ಅಂಕಲಗಿಯಲ್ಲಿ ಇದಕ್ಕೆ ಲಿಫ್ಟ್ ಬೇಕಿಲ್ಲ, ಯಾವುದಾದರೂ ದಿಬ್ಬ ಸಾಕು. ಬ್ಲೀಡ್ ಸ್ಕ್ರೂ ಇರುವ ಗಾಡಿಯಾದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರೋವರೆಗೆ ನಿಧಾನಕ್ಕೆ ಸುರಿಯಬೇಕು. ಅವಸರ ಮಾಡಿ ಸುರಿದರೆ ಕೂಲಂಟೇ ಗಾಳಿಯನ್ನು ಒಳಗೆ ಎಳಕೊಂಡು ಹೋಗುತ್ತೆ, ಬಾಟಲಿಗೆ ಎಣ್ಣೆ ಹೊಯ್ಯುವ ಅಜ್ಜಿಯ ಕೈ ಬೇಕು. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಬೇಕು. ಬೆಳಗಾವಿಯ ಏಪ್ರಿಲ್ ಬಿಸಿಲಲ್ಲಿ ಹೀಟರ್ ಹಾಕು ಅಂದವನನ್ನು ಹುಚ್ಚ ಅಂತೀರಿ, ಆದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಆ ಸಣ್ಣ ರೇಡಿಯೇಟರೇ ಗಾಳಿ ಅಡಗಿ ಕೂರೋ ಒಳ್ಳೇ ಜಾಗ, ಕೆಲವು ಗಾಡಿಗಳಲ್ಲಿ ಹೀಟರ್ ತಿರುಗಿಸದಿದ್ದರೆ ಅಲ್ಲಿಗೆ ಕೂಲಂಟೇ ಹೋಗಲ್ಲ. ಆಮೇಲೆ ಎಂಜಿನ್ ಓಡಿಸಿ, ರೇಡಿಯೇಟರ್ ಫ್ಯಾನ್ ತಾನಾಗೇ ಎರಡು ಸಲ ಹತ್ತಿ ಆರುವವರೆಗೆ ಕಾಯಬೇಕು. ನಡುನಡುವೆ ಮೇಲಿನ ಹೋಸ್ ಪೈಪನ್ನು ಬಟ್ಟೆ ಹಿಡಿದು ಹಿಂಡಿದರೆ ಗುಳ್ಳೆಗಳು ಒಂದೊಂದೇ ಎದ್ದು ಬರುತ್ತವೆ. ಕೆಳಗಿನ ಪೈಪೂ ಬಿಸಿಯಾಯಿತಾ? ಹಾಗಾದರೆ ಹರಿವು ಶುರುವಾಯಿತು. ಮೇಲಿನದು ಸುಡುತ್ತಾ ಕೆಳಗಿನದು ತಣ್ಣಗೇ ಇದ್ದರೆ ಗಾಳಿ ಇನ್ನೂ ಕೂತಿರಬಹುದು, ಇಲ್ಲವೇ ಥರ್ಮೋಸ್ಟಾಟ್ ತೆರೆಯುತ್ತಿಲ್ಲ.

ಕರೆಂಟ್ ಪಂಪಿರುವ ಗಾಡಿಗಳಲ್ಲಿ ಇಷ್ಟಕ್ಕೇ ಮುಗಿಯಲ್ಲ. ಆ ಪಂಪು ತಿರುಗೋದು ಕಂಪ್ಯೂಟರ್ ಹೇಳಿದಾಗ ಮಾತ್ರ. ಗಾಳಿ ತೆಗೆಯುವ ಆಜ್ಞೆಯನ್ನು ಸ್ಕ್ಯಾನರಿನಿಂದ ಕೊಡಬೇಕು. ಕೆಲವು ಟರ್ಬೊಗಳಲ್ಲಿ ಇಂಟರ್‌ಕೂಲರಿಗೇ ಬೇರೆ ಕೂಲಂಟ್ ದಾರಿ ಇರುತ್ತೆ. ಫೋಕ್ಸ್‌ವ್ಯಾಗನ್-ಸ್ಕೋಡಾದವರ 1.0 ಲೀಟರ್ ಎಂಜಿನ್ನಿನಲ್ಲಿ ಅದು ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಕೂತಿದೆ. ಅಂಥ ಕಡೆ ಎಲ್ಲಕ್ಕಿಂತ ನಂಬುಗೆಯ ಉಪಾಯ ವ್ಯಾಕ್ಯೂಮ್ ಹಾಕಿ ತುಂಬಿಸೋದು. ಕಂಪ್ರೆಸರ್ ಗಾಳಿಯನ್ನು ಒಂದು ಸಪೂರ ಕೊರಳಿನ ಮೂಲಕ ಹಾಯಿಸಿ, ಆ ಎಳೆತದಿಂದ ಇಡೀ ಕೂಲಿಂಗ್ ದಾರಿಯ ಗಾಳಿಯನ್ನು ಹೊರಗೆ ಹೀರುತ್ತಾರೆ. ಪೈಪುಗಳೆಲ್ಲ ಚಪ್ಪಟೆಯಾಗುತ್ತವೆ. ಮುಳ್ಳು ಹತ್ತಿಪ್ಪತ್ತು ನಿಮಿಷ ಅಲ್ಲಾಡದೆ ನಿಂತರೆ ಸೋರಿಕೆ ಇಲ್ಲ ಅಂತಲೂ ಗೊತ್ತಾಯಿತು. ಆಮೇಲೆ ವಾಲ್ವ್ ತಿರುಗಿಸಿದರೆ ಕೂಲಂಟು ಕ್ಯಾನಿನಿಂದ ತಾನಾಗೇ ಒಳಕ್ಕೆ ನುಗ್ಗುತ್ತೆ, ಗಾಳಿಗೆ ಜಾಗವೇ ಉಳಿಯಲ್ಲ. ಇದಕ್ಕೆ ಬೇಕಾದ ಸಾಮಾನಿಗೆ ಆಗೋದು ಕೆಲವೇ ಸಾವಿರ ರೂಪಾಯಿ. ಕಂಪ್ರೆಸರ್ ಯಾವ ಪಂಕ್ಚರ್ ಅಂಗಡಿಯಲ್ಲಿಲ್ಲ ಹೇಳಿ?

ಅಂದರೆ ಕೈ ಇದೆ, ತಲೆ ಇದೆ, ಕಂಪ್ರೆಸರ್ ಇದೆ. ಅಂಕಲಗಿಯ ಗ್ಯಾರೇಜಿನವನ ಹತ್ತಿರ ಇಲ್ಲದ್ದು ಒಂದೇ, ನಿಮ್ಮ ಗಾಡಿಯ ಮಾಹಿತಿ. ಬ್ಲೀಡ್ ಸ್ಕ್ರೂ ಎಲ್ಲಿದೆ, ಎಷ್ಟು ಇದೆ, ಯಾವುದು ಮೊದಲು, ಕರೆಂಟ್ ಪಂಪನ್ನು ಎಚ್ಚರಿಸುವ ಆಜ್ಞೆ ಯಾವುದು, ಕೂಲಂಟ್ ಯಾವ ಜಾತಿಯದು. ಗ್ಲೋವ್ ಬಾಕ್ಸಿನಲ್ಲಿ ಮಲಗಿರುವ ದಪ್ಪ ಪುಸ್ತಕದಲ್ಲಿ ಬ್ಲೂಟೂತ್ ಜೋಡಿಸೋದಕ್ಕೆ ಪುಟಗಟ್ಟಲೆ ಚಿತ್ರಗಳಿವೆ. ಕೂಲಂಟ್ ಬಗ್ಗೆ ಕೇಳಿದರೆ, ಅಧಿಕೃತ ಸರ್ವಿಸ್ ಸೆಂಟರನ್ನು ಸಂಪರ್ಕಿಸಿ.

ಇದು ನನ್ನೊಬ್ಬನ ಗೊಣಗಾಟ ಅಂದುಕೊಳ್ಳಬೇಡಿ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಾರಣ ಇದೇ: ಬಿಡಿಭಾಗ, ರಿಪೇರಿ ಮಾಹಿತಿ, ರೋಗ ಹಿಡಿಯುವ ಯಂತ್ರಗಳನ್ನು ತಮ್ಮ ಡೀಲರುಗಳೊಳಗೇ ಕಟ್ಟಿಹಾಕಿ, ಹೊರಗಿನ ಗ್ಯಾರೇಜುಗಳ ಕೈ ಕಟ್ಟಿದ್ದು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿಯೇ ರದ್ದು ಅಂತ ಸಾರಾಸಗಟಾಗಿ ಷರತ್ತು ಹಾಕುವ ಹಾಗಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತಲೂ ಆ ಆದೇಶ ಹೇಳಿತು. ಕಂಪನಿಗಳು ಸುಮ್ಮನೆ ದಂಡ ಕಟ್ಟುತ್ತವಾ? ಮೇಲ್ಮನವಿ, ಹೈಕೋರ್ಟು ಅಂತ ಓಡಾಟ ಶುರುವಾಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಅಂತ ಸಮಿತಿ ಮಾಡಿತು, ಮೊಬೈಲು, ಮನೆಬಳಕೆ ಯಂತ್ರ, ಕೃಷಿ ಉಪಕರಣಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು, ಡಿಸೆಂಬರಿನಲ್ಲಿ ಪೋರ್ಟಲ್ಲೂ ತೆರೆಯಿತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 2012ರಲ್ಲೇ ಜನ ವೋಟು ಹಾಕಿ ಈ ಹಕ್ಕನ್ನು ಕಿತ್ತುಕೊಂಡಿದ್ದರು. ನಮ್ಮಲ್ಲಿ ಪೋರ್ಟಲ್ ಇದೆ. ಪೋರ್ಟಲ್ ನೋಡಿ ಬ್ಲೀಡ್ ಸ್ಕ್ರೂ ಹುಡುಕಲು ಹೊರಟ ಅಂಕಲಗಿ ಮೆಕ್ಯಾನಿಕ್‌ಗೆ ಸಿಗೋದು ಕಂಪನಿಯ ಕಸ್ಟಮರ್ ಕೇರ್ ನಂಬರ್.

ಸರಿ, ಈಗ ಇನ್ನೊಂದು ಕಡೆಯವರಿಗೂ ಬೈಯದಿದ್ದರೆ ಅನ್ಯಾಯ. ಹಳ್ಳಿ ಗ್ಯಾರೇಜಿನವರೆಲ್ಲ ಋಷಿಗಳು ಅಂತ ನಾನು ಹೇಳ್ತಿಲ್ಲ. ಗಾಡಿ ಬಿಸಿಯಾಯ್ತು ಅಂದ ತಕ್ಷಣ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಪಾಪ ಕರ್ನಾಟಕದ ಉದ್ದಗಲಕ್ಕೂ ನಡೆಯುತ್ತೆ. "ನಮ್ ಕಡೆ ಬಿಸ್ಲಿಗೆ ಅದು ಬ್ಯಾಡ್ರಿ, ಅದು ಫಾರಿನ್‌ದವ್ರಿಗೆ" ಅನ್ನೋ ವೇದಾಂತ ಬೇರೆ. ಅದನ್ನು ಕಿತ್ತರೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಕೂಲಂಟು ರೇಡಿಯೇಟರನ್ನೇ ಸುತ್ತಿ ಸುತ್ತಿ ಸಣ್ಣ ದಾರಿಗಳಿಗೆ ಹೋಗೋದು ಕಮ್ಮಿಯಾಗುತ್ತೆ. ಎರಡನೇ ಪಾಪ, ಬೋರಿನ ನೀರು. ಕೊಡದ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ಆ ನೀರೇ ಟರ್ಬೊ ಕವಚದ ಬೆರಳು ದಪ್ಪವೂ ಇಲ್ಲದ ದಾರಿಯೊಳಗೂ ಪೊರೆ ಕಟ್ಟಿಸುತ್ತೆ. ಬೆಳಗಾವಿ ಸೀಮೆಯ ಎತ್ತರದಲ್ಲಿ ಬರೀ ನೀರು 100 ಡಿಗ್ರಿಗೂ ಎರಡು ಮೂರು ಡಿಗ್ರಿ ಮೊದಲೇ ಕುದಿಯುತ್ತೆ. ಅರ್ಧಕ್ಕರ್ಧ ಕೂಲಂಟ್ ಬೆರೆಸಿ, ಮುಚ್ಚಳದ ಒತ್ತಡದಲ್ಲಿಟ್ಟರೆ 125 ಡಿಗ್ರಿ ದಾಟೋವರೆಗೂ ಕುದಿಯಲ್ಲ. ಈ ಮೂವತ್ತು ಡಿಗ್ರಿಯ ಅಂತರವೇ ನಿಮ್ಮ ಟರ್ಬೊದ ಆಯುಷ್ಯ. ಮೂರನೇ ಪಾಪ, ಬಣ್ಣ ನೋಡಿ ಕೂಲಂಟ್ ಬೆರೆಸೋದು. ಹಸಿರಾಗಲಿ ಕೆಂಪಾಗಲಿ, ಬಣ್ಣಕ್ಕೆ ಯಾವ ಕಾನೂನೂ ಇಲ್ಲ, ಡಬ್ಬಿ ಹಿಂದಿನ ಬರಹವನ್ನೇ ಓದಬೇಕು. ಮತ್ತೊಂದು, ತೆಗೆದ ಹಳೇ ಕೂಲಂಟನ್ನು ಗಟಾರಕ್ಕೆ ಚೆಲ್ಲೋದು. ಸಿಹಿ ರುಚಿಯ ವಿಷ ಅದು, ನಾಯಿಗಳು ನೆಕ್ಕಿ ಸಾಯ್ತವೆ. ಈ ವಿಷಯದಲ್ಲಿ ಊರು, ಪಟ್ಟಣ ಅಂತ ಭೇದವಿಲ್ಲ.

ಆದರೆ ಈ ಪಾಪಗಳನ್ನು ತೋರಿಸಿ "ನೋಡಿದ್ಯಾ, ಅದಕ್ಕೇ ಹೇಳಿದ್ದು" ಅನ್ನುವ ಸ್ನೇಹಿತರಿಗೆ ಒಂದು ಮಾತು ಕೇಳ್ತೀನಿ. ಪಂಪಿಗೆ ಹಿಡಿದ ಗಾಳಿಯನ್ನು ಕಣ್ಣುಮುಚ್ಚಿ ತೆಗೆಯುವವನು ಕಾರಿನ ಥರ್ಮೋಸ್ಟಾಟ್ ಯಾಕೆ ಕಿತ್ತ? ಅವನ ಪಂಪಿಗೆ ಮುಚ್ಚಿಟ್ಟ ಗುಟ್ಟುಗಳಿಲ್ಲ, ಬೋಲ್ಟು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ಕಾರಿನಲ್ಲಿ ಬೋಲ್ಟು ಪ್ಲಾಸ್ಟಿಕ್ ಹೊದಿಕೆ ಕೆಳಗಿದೆ, ಕ್ರಮ ಪಾಸ್‌ವರ್ಡ್ ಹಿಂದಿದೆ. ಗೊತ್ತಿಲ್ಲದ ಕಡೆ ಗೊತ್ತಿದ್ದದ್ದನ್ನೇ ಮಾಡ್ತಾನೆ. ನೀವೂ ಆಫೀಸಿನಲ್ಲಿ ಡಾಕ್ಯುಮೆಂಟೇಶನ್ ಇಲ್ಲದ ಕೋಡ್ ಕೈಗೆ ಬಂದಾಗ ಅರ್ಥವಾಗದ ಸಾಲನ್ನು ಕಾಮೆಂಟ್ ಮಾಡಿ ಮನೆಗೆ ಹೋಗ್ತೀರಲ್ಲ, ಅದೇ ಥರ್ಮೋಸ್ಟಾಟ್ ಕೀಳೋದು.

ಇನ್ನು ರಸ್ತೆಯ ವಿಷಯ. ಕಬ್ಬು ನುರಿಸುವ ಹಂಗಾಮಿನಲ್ಲಿ ಆ ಕಡೆ ಹೋದವರಿಗೆ ಗೊತ್ತು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನ ಹಿಂದೆ, ಏಸಿ ಹಾಕಿಕೊಂಡು, ಎರಡನೇ ಗೇರಿನಲ್ಲಿ ತೆವಳುತ್ತೀರಿ. ಜಾಗ ಸಿಕ್ಕ ಕೂಡಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ ದಾಟುತ್ತೀರಿ. ಮತ್ತೆ ಇನ್ನೊಂದು ಟ್ರ್ಯಾಕ್ಟರ್. ಹೆದ್ದಾರಿ ಹಿಡಿದು ನಿಪ್ಪಾಣಿ ಕಡೆ ಹೊರಟರೆ ವಂಟಮುರಿ ಘಾಟಿನಲ್ಲೂ ಇದೇ ಆಟ. ಗಾಳಿ ಹಿಡಿದ ಟರ್ಬೊಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಎಂಜಿನ್ ಬರೀ ನಿಂತು ಉಸಿರಾಡುತ್ತಿರುತ್ತೆ, ಟರ್ಬೊಗೆ ಕೆಲಸವೇ ಇರಲ್ಲ, ಕಾಯಿಲೆ ಹೊರಗೆ ಬರಲ್ಲ. ಬರೋದು ಇಲ್ಲಿ. ಅದಕ್ಕೇ ಎಲ್ಲ ಗಾಡಿಗಳೂ ಊರ ಹತ್ತಿರವೇ ಕೆಡ್ತವೆ ಅನ್ನಿಸೋದು, ಊರಿನ ಮೇಲೆ ಅಪವಾದ ಬರೋದು.

ಹಾಗೆ ನಿಂತರೆ ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಮುಖ ಬೆಂದುಹೋಗುತ್ತೆ. ಮುಕ್ಕಾಲು ಗಂಟೆ ಬಿಡಿ. ಡಬ್ಬಿಯ ಮಟ್ಟ ಇಳಿದಿದ್ದು, ಹೋದ ತಿಂಗಳು ಕೂಲಂಟ್ ಕೆಲಸ ಆಗಿದ್ದು, ಎಲ್ಲೂ ತೊಟ್ಟಿಕ್ಕದೆ ಇದ್ದರೆ, ಡ್ಯಾಶ್‌ಬೋರ್ಡಿನ ಹಿಂದೆ ಹೊಳೆ ಹರಿದ ಹಾಗೆ ಸದ್ದು ಕೇಳಿದ್ದರೆ, ಗ್ಯಾರೇಜಿನವನನ್ನು ಕರೆಯಿರಿ. "ಕಾಕಾ, ಏರ್ ತಗೀಬೇಕು, ನೀರು ಬ್ಯಾಡ, ಕೂಲಂಟ್ ತರಸ್ತೀನಿ, ಥರ್ಮೋಸ್ಟಾಟ್ ಮುಟ್ಟಬ್ಯಾಡ್ರಿ" ಅನ್ನಿ. ಮೊಬೈಲಿನಲ್ಲಿ ನಿಮ್ಮ ಗಾಡಿಯ ಕ್ರಮ ಹುಡುಕಿ ಓದಿ ಹೇಳಿ. ನಿಮಗೆ ಇಂಗ್ಲಿಷು ಬರುತ್ತೆ, ಅವನಿಗೆ ಗಾಳಿ ಗೊತ್ತು. ಒಂದು ಗಂಟೆ ಅವನ ಪಕ್ಕ ನಿಂತುಕೊಳ್ಳಿ. ದುಡ್ಡು ಕೊಡುವಾಗ "ಬರೀ ಕೂಲಂಟ್ ಹಾಕಿದ್ದಕ್ಕೆ ಇಷ್ಟಾ?" ಅಂತ ಮಾತ್ರ ಕೇಳಬೇಡಿ. ಬೆಳಗಾವಿಯಲ್ಲಿ ಅದೇ ಕೆಲಸಕ್ಕೆ ಕೇಳದೆ ಸಹಿ ಹಾಕುತ್ತಿದ್ದಿರಿ.

ಸರ್ವಿಸ್ ಸೆಂಟರಿಗೆ ಹೋದಾಗಲೂ ಅಷ್ಟೇ. ಕೂಲಂಟ್ ಬಿಚ್ಚುವ ಯಾವುದೇ ಕೆಲಸ ಇದ್ದರೆ ಜಾಬ್ ಕಾರ್ಡಿನಲ್ಲಿ "ಗಾಳಿ ತೆಗೆದ ವಿಧಾನ" ಅಂತ ಒಂದು ಸಾಲು ಬರೆಸಿ. ವ್ಯಾಕ್ಯೂಮ್ ಹಾಕಿದರಾ, ಸ್ಕ್ಯಾನರಿನಿಂದ ಪಂಪ್ ಓಡಿಸಿದರಾ, ಫ್ಯಾನ್ ಎಷ್ಟು ಸಲ ಹತ್ತಿತು, ಕೇಳಿ. ಅಡ್ವೈಸರ್ ಒಳಗೆ ಹೋಗಿ ವಿಚಾರಿಸಿಕೊಂಡು ಬರ್ತೀನಿ ಅಂದರೆ ಅವರು ಬರೋವರೆಗೆ ಅಲ್ಲೇ ಕೂತಿರಿ. ಡೆಲಿವರಿ ಒಂದು ಗಂಟೆ ತಡ ಆಗುತ್ತೆ ಅಂದರೆ ಕಿರುಚಬೇಡಿ, ಆ ಗಂಟೆಯ ಕೂಲಿ ಬಿಲ್ಲಿಗೆ ಸೇರಿಸಿ ಅಂತ ಹೇಳಿ.

ಮಾರನೇ ದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಾನೆಟ್ ಎತ್ತಿ ಡಬ್ಬಿಯ ಮಟ್ಟ ನೋಡಿ. ಒಂದು ಬೆರಳು ಇಳಿದಿದ್ದರೆ ಗಾಬರಿ ಬೇಡ, ಅಷ್ಟು ಗಾಳಿ ಹೊರಗೆ ಬಂದ ಲೆಕ್ಕ ಅದು, ಅಷ್ಟೇ ತುಂಬಿಸಿ. ನಾಲ್ಕನೇ ದಿನವೂ ಇಳಿಯುತ್ತಲೇ ಇದ್ದರೆ ಗಾಳಿಯ ಕಥೆ ಮುಗಿದು ಸೋರಿಕೆಯದೋ, ಹೆಡ್ ಗ್ಯಾಸ್ಕೆಟಿನದೋ ಕಥೆ ಶುರುವಾಗಿದೆ. ಅದಕ್ಕೆ ಬೇರೆ ಪರೀಕ್ಷೆ ಇದೆ, ಬೇರೆ ಬೈಗುಳಗಳೂ ಇವೆ.